ಇಲಾಖೆಯ ಸಬ್ಬಸಿಗೆ

ಅಜ್ಜಿಯ ಕಥೆಗಳಲ್ಲಿ ಒಬ್ಬ ಮನುಷ್ಯ ಕೆಡಬೇಕಾದರೆ ಅದಕ್ಕೆ ತಕ್ಕ ಕಾರಣ ಇರುತ್ತಿತ್ತು. ಒಬ್ಬ ರಾಕ್ಷಸನೋ, ಒಂದು ಶಾಪವೋ, ಕಡೇಪಕ್ಷ ಮಾತಾಡುವ ಒಂದು ಹಾವೋ. ನಮ್ಮ ಚಿಕ್ಕಪ್ಪನಿಗೆ ಅಷ್ಟು ಭಾಗ್ಯವೂ ಇರಲಿಲ್ಲ. ಅವನ ಕಷ್ಟ ಒಂದು ಹಿಡಿಯಷ್ಟಿತ್ತು, ಕಂದು ಬಣ್ಣದ್ದಾಗಿತ್ತು, ನೀಲಿ ದಾರ ಸುತ್ತಿದ ಲಕೋಟೆಯೊಳಗೆ ಕೂತಿತ್ತು. ಹನ್ನೊಂದನೇ ನಂಬರಿನ ಬಸ್ಸಿನ ಹಿಂದಿನ ಸೀಟಿನಲ್ಲಿ ಯಾರೋ ಅದನ್ನು ಮರೆತು ಇಳಿದುಹೋಗಿದ್ದರು.

ಚಿಕ್ಕಪ್ಪ ಬಸ್ ನಿಲ್ದಾಣದಲ್ಲಿ ಕಳೆದ ವಸ್ತುಗಳ ಕೊಠಡಿಯ ಗುಮಾಸ್ತ. ಕೊಠಡಿ ಇದ್ದದ್ದು ಮೆಟ್ಟಿಲ ಕೆಳಗೆ. ಒಂದು ಕಂಬಿ ಕಿಟಕಿ, ಒಂದು ಮೇಜು, ನಲವತ್ಮೂರು ಛತ್ರಿ, ಗಾಜಿನ ಲೋಟದಲ್ಲಿ ನಗುತ್ತಾ ಕೂತ ಒಂದು ಕಟ್ಟಿದ ಹಲ್ಲಿನ ಸೆಟ್ಟು, ಪಿಟೀಲಿಲ್ಲದ ಒಂದು ಪಿಟೀಲು ಪೆಟ್ಟಿಗೆ, ನಡಿಗೆ ಸ್ಪರ್ಧೆಯಲ್ಲಿ ಮೂರನೇ ಬಹುಮಾನ ಪಡೆದವರು ಬಸ್ಸಿನಲ್ಲಿ ಬಿಟ್ಟುಹೋದ ಬಹುಮಾನದ ಕಪ್. ಹಣೆಯ ಮೇಲಿರುವ ಕನ್ನಡಕವನ್ನು ಮನೆಯೆಲ್ಲ ಹುಡುಕುವ, ಒಂದು ಕಾಲಿಗೆ ಕಪ್ಪು ಇನ್ನೊಂದಕ್ಕೆ ಬೂದು ಕಾಲುಚೀಲ ಹಾಕಿಕೊಂಡು ಹೋಗುವ ಈ ಮನುಷ್ಯ, ಇಪ್ಪತ್ತೆರಡು ವರ್ಷದಲ್ಲಿ ಬೇರೆಯವರದ್ದು ಒಂದು ಗುಂಡಿಯನ್ನೂ ಕಳೆದಿರಲಿಲ್ಲ. ಆ ಕೊಠಡಿಯೇ ಅವನ ರಾಜ್ಯ. ಅಲ್ಲಿ ಅವನಿಗೆ ಗೊಂದಲವೇ ಇರಲಿಲ್ಲ, ಯಾಕೆಂದರೆ ಗೊಂದಲವಾದವರೆಲ್ಲ ಕಿಟಕಿಯ ಆಚೆಗಿರುತ್ತಿದ್ದರು.

ಕೊಠಡಿಗೆ ಎರಡೇ ನಿಯಮ. ಸಾಮಾನ್ಯ ವಸ್ತುವನ್ನು ತೊಂಬತ್ತು ದಿನ ಕಾಯಬೇಕು. ಕೆಡುವ ವಸ್ತುವನ್ನು ಮೂರು ದಿನ ಕಾದು, ಆಮೇಲೆ ಗುಮಾಸ್ತರು ತಮ್ಮ ವಿವೇಚನೆಯಂತೆ ವಿಲೇವಾರಿ ಮಾಡಬೇಕು. ಚಿಕ್ಕಪ್ಪನಿಗೆ ವಿವೇಚನೆ ಇದೆಯೆಂದು ಇಲಾಖೆ ಅಷ್ಟು ಸುಲಭವಾಗಿ ನಂಬಿದ್ದೇ ಮುಂದಿನದಕ್ಕೆಲ್ಲ ಮೂಲ.

ಆ ಲಕೋಟೆ ಸಿಗುವುದಕ್ಕೆ ಹಿಂದಿನ ದಿನ, ಭಾನುವಾರ, ಪಕ್ಕದ ಮನೆಯ ಅಳತೆ ತಾತ ಗೋಡೆಯ ಮೇಲಿಂದ ಮಾತಿಗೆಳೆದಿದ್ದರು. ಅವರು ಭೂಮಾಪನ ಕಚೇರಿಯಿಂದ ನಿವೃತ್ತರಾದವರು. ನಿವೃತ್ತಿಯಾದರೂ ಟೇಪು ಜೇಬಿನಲ್ಲೇ ಇರುತ್ತಿತ್ತು.

"ಈ ಬೀದಿ ಮಣ್ಣಲ್ಲಿ ಸಬ್ಬಸಿಗೆ ಬರೋದಿಲ್ಲಪ್ಪ" ಎಂದರು. "ಮೂರು ಸಲ ಹಾಕ್ದೆ. ಸ್ಕೇಲ್ ಇಟ್ಟು ಎರಡು ಅಂಗುಲ ಆಳ, ಆರು ಅಂಗುಲ ಅಂತರ. ಒಂದಾದ್ರೂ ತಲೆ ಎತ್ತಬೇಕಲ್ಲ."

ಸಬ್ಬಸಿಗೆಯನ್ನು ತಟ್ಟೆಯಲ್ಲಿ ಮಾತ್ರ ನೋಡಿ ಗೊತ್ತಿದ್ದ ಚಿಕ್ಕಪ್ಪ, ಎರಡನೇ ಲೋಟ ಕಾಫಿ ಕುಡಿದವರಿಗೆ ಬರುವ ಧೈರ್ಯದಿಂದ "ಅದೇನು ಮಹಾ, ನಾನು ಬೆಳೀತೀನಿ ನೋಡಿ" ಎಂದುಬಿಟ್ಟ. ಹೇಳಿದ ಮೇಲೆ ತಾನೇ ಹಿಂದಕ್ಕೆ ತಿರುಗಿ ನೋಡಿದ, ಯಾರು ಹಾಗೆಂದರು ಎಂದು.

ಮಾರನೆಯ ದಿನವೇ ಆ ಲಕೋಟೆ ಕೊಠಡಿಗೆ ಬಂತು. ಮೇಲೆ ಪೆನ್ಸಿಲಿನಲ್ಲಿ 'ಸಬ್ಬಸಿಗೆ' ಎಂದು ಬರೆದಿತ್ತು. ಚಿಕ್ಕಪ್ಪ ಅದಕ್ಕೆ ಚೀಟಿ ಕಟ್ಟಿದ, ನೂರಾ ಹದಿನೇಳು ಎಂದು ಸಂಖ್ಯೆ ಕೊಟ್ಟ. ಆದರೆ ಯಾವ ಕಪಾಟಿನಲ್ಲಿ ಇಡಬೇಕೆಂದು ತಿಳಿಯಲಿಲ್ಲ. ನಾಲ್ಕನೆಯ ದಿನ ಮನೆಗೆ ಬಂದು ಅಜ್ಜಿಯನ್ನು ಕೇಳಿದ.

"ಅಮ್ಮಾ, ಬೀಜ ಕೆಡುತ್ತಾ?"

"ಬಿತ್ತದೆ ಇಟ್ಟರೆ ಕೆಡದೆ ಏನು ಮಾಡುತ್ತೆ."

"ಅಂದ್ರೆ ಕೆಡುವ ವಸ್ತು."

"ಯಾರು, ನೀನಾ?"

"ಬೀಜ ಅಮ್ಮ."

"ಬೀಜವೂ" ಎಂದಳು ಅಜ್ಜಿ.

ಹಾಗೆ ಒಂದು ಹಿಡಿ ಬೀಜ, ನಿಯಮಕ್ಕೆ ಒಂದಿಷ್ಟೂ ಭಂಗ ಬಾರದಂತೆ, ನಮ್ಮ ಹಿತ್ತಲಿಗೆ ಬಂತು. ಬಟ್ಟೆ ಒಗೆಯುವ ಕಲ್ಲಿನ ಪಕ್ಕದ ಎಂಟಡಿ ಪಟ್ಟಿಯಲ್ಲಿ ಬೆಳಗಿನಿಂದ ಮಧ್ಯಾಹ್ನದವರೆಗೆ ಬಿಸಿಲು ಕಾಲುಚಾಚಿ ಮಲಗಿರುತ್ತಿತ್ತು. ಚಿಕ್ಕಪ್ಪ ಮಣ್ಣು ಅಗೆದು ಕಲ್ಲು ಆರಿಸಿ ಸಾಲು ತೋಡುತ್ತಿದ್ದರೆ ಅಜ್ಜಿ ಕುರ್ಚಿಯಲ್ಲಿ ಕೂತು ಆಳಿದಳು.

"ಹೂಳ್ತಿದ್ದೀಯಲ್ಲೋ. ಅದೇನು ಸತ್ತಿದೆಯಾ? ಬೆಳಕು ಕಾಣಬೇಕು ಅದಕ್ಕೆ. ಮೇಲೆ ಉದುರಿಸು, ಮಗೂ ತಲೆ ಸವರಿದ ಹಾಗೆ ಸವರು. ನೀರು ಸುರೀಬೇಡ, ಚಿಮುಕಿಸು. ಎಲ್ಲಿ ಉದುರಿಸಿದ್ಯೋ ಅಲ್ಲೇ ಬೆಳೀಬೇಕು. ಆಮೇಲೆ ಕಿತ್ತು ಬೇರೆ ಕಡೆ ನೆಟ್ಟರೆ ಮುನಿಸಿಕೊಂಡು ಸಾಯುತ್ತೆ."

ಚಿಕ್ಕಪ್ಪ ಲಕೋಟೆಯನ್ನು ತಲೆಕೆಳಗು ಮಾಡಿ, ಮೂಲೆಯಲ್ಲಿ ಸಿಕ್ಕಿಕೊಂಡಿದ್ದ ಕೊನೆಯ ಕಾಳನ್ನೂ ಉಗುರಿನಿಂದ ಕೆರೆದು ಹಾಕಿದ. ಒಂಬತ್ತನೆಯ ಬೆಳಗ್ಗೆ ಮಣ್ಣಿನ ಮೇಲೆ ಯಾರೋ ಹಸಿರು ನೂಲು ಚೆಲ್ಲಿದಂತಿತ್ತು. ಚಿಕ್ಕಪ್ಪ ಮಂಡಿಯೂರಿ ನೋಡಿದ, ಗೋಡೆಯಾಚೆಯ ತಾತನಿಗೆ ಕೇಳಲೆಂದು ಎರಡು ಸಲ ಕೆಮ್ಮಿದ, ಸಿಳ್ಳೆ ಹಾಕುತ್ತಾ ಕೆಲಸಕ್ಕೆ ಹೋದ. ಮಧ್ಯಾಹ್ನ ವಾಪಸು ಬಂದಾಗ ಮುಖ ಒಗೆದು ಹಿಂಡಿದ ಬಟ್ಟೆಯಂತಿತ್ತು. ನನ್ನನ್ನು ಹಿತ್ತಲಿಗೆ ಕರೆದು ಒಂದು ಪತ್ರ ಕೈಗಿಟ್ಟ.

'ಹನ್ನೊಂದನೇ ನಂಬರಿನ ಬಸ್ಸಿನಲ್ಲಿ ನೀಲಿ ದಾರ ಕಟ್ಟಿದ ಬೀಜದ ಲಕೋಟೆ ಬಿಟ್ಟಿದ್ದೇನೆ. ನಾನು ಊರಲ್ಲಿಲ್ಲ. ಮೂರು ತಿಂಗಳಾದ ಮೇಲೆ ಖುದ್ದಾಗಿ ಬಂದು ಪಡೆಯುತ್ತೇನೆ. ಅದು ಮನೆತನದ ಬೀಜ. ದಯವಿಟ್ಟು ಜೋಪಾನ.' ಕೆಳಗೆ ಒಂದು ಸಹಿ. ವಿಳಾಸವಿಲ್ಲ. ಅಂಚಿನಲ್ಲಿ ನಿಲ್ದಾಣದ ಮೇಲ್ವಿಚಾರಕಿ ಕೆಂಪು ಶಾಯಿಯಲ್ಲಿ 'ಭದ್ರವಾಗಿಡಿ' ಎಂದು ಬರೆದಿದ್ದರು.

"ಭದ್ರವಾಗಿದೆ ಅಂದ್ಯಾ?" ಎಂದು ಕೇಳಿದೆ.

"ಭದ್ರವಾಗಿಯೇ ಇದೆಯಲ್ಲ. ಮೊಳಕೆ ಬಂದಿದೆ."

ಮೇಲ್ವಿಚಾರಕಿ ಇನ್ನೊಂದು ಮಾತೂ ಹೇಳಿದ್ದರಂತೆ. ಈ ಕೊಠಡಿಯಿಂದ ಒಂದು ವಸ್ತು ಕಾಣೆಯಾದರೂ ಗುಮಾಸ್ತರನ್ನು ಪ್ರಕಟಣೆ ವಿಭಾಗಕ್ಕೆ ಹಾಕುತ್ತೇನೆ ಎಂದು. ಇದು ಬರೀ ಬೆದರಿಕೆಯಾಗಿರಲಿಲ್ಲ. ಹಿಂದೊಮ್ಮೆ ಚಿಕ್ಕಪ್ಪನನ್ನು ಒಂದೇ ಒಂದು ದಿನ ಮೈಕಿನ ಮುಂದೆ ಕೂರಿಸಿದ್ದರು. ಆ ದಿನ ಒಂದು ಫುಟ್‌ಬಾಲ್ ತಂಡ ಕಣ್ಣಾಸ್ಪತ್ರೆ ತಲುಪಿತು, ಕಣ್ಣಿನ ರೋಗಿಗಳು ಮೈದಾನ ತಲುಪಿದರು, ಪಂದ್ಯ ಮಾತ್ರ ನಡೆಯಿತು ಎಂದು ನಿಲ್ದಾಣದಲ್ಲಿ ಇಂದಿಗೂ ಹೇಳುತ್ತಾರೆ. ಎಡ ಯಾವುದು ಬಲ ಯಾವುದು ಎಂದು ಉಂಗುರ ನೋಡಿ ತಿಳಿದುಕೊಳ್ಳುವ ಮನುಷ್ಯನಿಗೆ ಅದು ಗಡೀಪಾರಿಗಿಂತ ದೊಡ್ಡ ಶಿಕ್ಷೆ.

"ಅಂಗಡಿಯಿಂದ ಬೇರೆ ಬೀಜ ತಂದು ಲಕೋಟೆಗೆ ತುಂಬಿಬಿಡು ಚಿಕ್ಕಪ್ಪ. ಯಾರಿಗೆ ಗೊತ್ತಾಗುತ್ತೆ?"

ಅವನು ನನ್ನನ್ನು ನೋಡಿದ ರೀತಿಗೆ ನನಗೇ ನಾಚಿಕೆಯಾಯಿತು. "ಒಬ್ಬರ ಛತ್ರಿ ಇನ್ನೊಬ್ಬರಿಗೆ ಕೊಟ್ಟ ಹಾಗಾಗಲ್ವೇನೇ ಅದು? ಇಪ್ಪತ್ತೆರಡು ವರ್ಷದಲ್ಲಿ ಹಾಗೆ ಮಾಡಿದ್ದೀನಾ? ಅವರ ಬೀಜ ಇಲ್ಲೇ ಇದೆ. ಸದ್ಯಕ್ಕೆ ಗಿಡದ ರೂಪದಲ್ಲಿದೆ ಅಷ್ಟೆ. ಮೂರು ತಿಂಗಳಲ್ಲಿ ಮತ್ತೆ ಬೀಜ ಆಗುತ್ತೆ. ಆಗ ಕೊಟ್ಟುಬಿಡೋಣ."

ಏಳು ಸಮುದ್ರದಾಚೆ ಗಿಳಿಯೊಳಗೆ ಪ್ರಾಣ ಇಟ್ಟವರ ಕಥೆಯನ್ನು ಕೇಳಿ ಬೆಳೆದವಳಿಗೆ ಇದರಲ್ಲಿ ತಪ್ಪೇನೂ ಕಾಣಲಿಲ್ಲ. ಚಿಕ್ಕಮ್ಮನಿಗೆ ಮಾತ್ರ ಹೇಳಬೇಡ ಎಂದ. ಚಿಕ್ಕಮ್ಮನಿಗೆ ಹೇಳಿದರೆ ಬೀದಿಗೆ ಹೇಳಿದಂತೆ, ಬೀದಿಗೆ ಹೇಳಿದರೆ ನಿಲ್ದಾಣಕ್ಕೆ ಹೇಳಿದಂತೆ.

ಅಂದಿನಿಂದ ನಮ್ಮ ಹಿತ್ತಲು ಕಚೇರಿಯಾಯಿತು. ಗಿಡ ಒತ್ತಾಗಿದೆ, ಕೆಲವನ್ನು ಕೀಳು ಎಂದಳು ಅಜ್ಜಿ. ಚಿಕ್ಕಪ್ಪ ಮೂರು ದಿನ ಯೋಚಿಸಿ, ಕಣ್ಣಲ್ಲಿ ನೀರು ತಂದುಕೊಂಡು ಕಿತ್ತ. ಕಿತ್ತದ್ದನ್ನು ಎಸೆಯುವಂತಿಲ್ಲ. ಅದೂ ಪರರ ಸ್ವತ್ತು. ಕಾಗದದಲ್ಲಿ ಕಟ್ಟಿ, ಚೀಟಿ ಹಚ್ಚಿ, ಕೊಠಡಿಯ ಕಪಾಟಿಗೆ ಸೇರಿಸಿದ. ಸಂಜೆ ಚೀಲ ಹಿಡಿದು ಸಬ್ಬಸಿಗೆ ಕೊಳ್ಳಲು ಹೋಗಿ ಬಂದ ಚಿಕ್ಕಮ್ಮ, ಮನೆಯ ಸಬ್ಬಸಿಗೆ ಬೆಳಗ್ಗೆ ಬಸ್ಸು ಹತ್ತಿ ಕಚೇರಿಗೆ ಹೋಯಿತೆಂದು ತಿಳಿದಾಗ ಚೀಲವನ್ನು ಚಿಕ್ಕಪ್ಪನ ಮುಂದೆ ಕುಕ್ಕಿದಳು. ಅದು ಒಳ್ಳೆಯ ಲಕ್ಷಣವಲ್ಲ.

ಉಳಿದ ಹದಿನಾಲ್ಕು ಗಿಡ ಸರಸರನೆ ಎದ್ದವು. ದಂಟು ಟೊಳ್ಳು, ಗಾಳಿ ಬಂದರೆ ಅಮಲೇರಿದವರಂತೆ ಒಂದರ ಮೇಲೊಂದು ಒರಗುತ್ತಿದ್ದವು. ಅಜ್ಜಿಯ ಅಪ್ಪಣೆಯಂತೆ ಚಿಕ್ಕಪ್ಪ ಒಂದೊಂದಕ್ಕೂ ಒಂದೊಂದು ಬಿದಿರು ಗೂಟ ನೆಟ್ಟ. ಗೂಟದಿಂದ ಗೂಟಕ್ಕೆ ಕೆಂಪು ದಾರ ಎಳೆದ. ಆಮೇಲೆ, ಇಪ್ಪತ್ತೆರಡು ವರ್ಷದ ಕೈ ಸುಮ್ಮನಿರಬೇಕಲ್ಲ, ಪ್ರತಿ ಗೂಟಕ್ಕೂ ಇಲಾಖೆಯ ಮುದ್ರೆಯಿದ್ದ ರಟ್ಟಿನ ಚೀಟಿ ಕಟ್ಟಿದ. ನೂರಾ ಹದಿನೇಳರ ಒಂದು, ನೂರಾ ಹದಿನೇಳರ ಎರಡು, ಹೀಗೆ ಹದಿನಾಲ್ಕರವರೆಗೆ.

ಒಂದು ಬೆಳಗ್ಗೆ ಚಿಕ್ಕಮ್ಮ ಕತ್ತರಿ ಹಿಡಿದು ಹಿತ್ತಲಿಗೆ ಬಂದಳು. ಚಿಕ್ಕಪ್ಪ ಹಲ್ಲುಜ್ಜುತ್ತಿದ್ದವನು ಬ್ರಶ್ಶು ಬಾಯಲ್ಲೇ ಇಟ್ಟುಕೊಂಡು ಅಡ್ಡ ನಿಂತ.

"ಕೈ ಹಚ್ಚಬೇಡ. ಅದು ನಮ್ಮದಲ್ಲ."

"ನಮ್ಮ ಹಿತ್ತಲಲ್ಲಿದೆ, ನಾನು ಹಿಡಿದಿಟ್ಟ ನೀರು ಕುಡಿದಿದೆ, ನಮ್ಮದಲ್ಲ ಅಂದ್ರೆ ಯಾರದು ರೀ?"

ಚಿಕ್ಕಪ್ಪನಿಗೆ ಸುಳ್ಳು ಹೇಳಲು ಬರುವುದಿಲ್ಲ. ನಿಜ ಹೇಳಲೂ ಆಗದಿದ್ದಾಗ ನಿಜದ ಒಂದು ತುಂಡನ್ನು ಮುರಿದು ಕೊಡುತ್ತಾನೆ. "ಇಲಾಖೆಯ ಸ್ವತ್ತು" ಎಂದ, ನೊರೆಯ ಸಮೇತ.

ಗೋಡೆಯಾಚೆ ಅಳತೆ ತಾತ ಬಟ್ಟೆ ಹರವುತ್ತಿದ್ದರು. ಅವರ ಕೈಯಲ್ಲಿದ್ದ ಟವಲು ಅರ್ಧಕ್ಕೇ ನಿಂತಿತು. ಗೋಡೆಯ ಮೇಲೆ ಮೊದಲು ಅವರ ತಲೆ ಬಂತು, ಆಮೇಲೆ ಕನ್ನಡಕ ಬಂತು. ನಲವತ್ತು ವರ್ಷ ಗೂಟ ನೆಟ್ಟು ದಾರ ಎಳೆದ ಕಣ್ಣುಗಳಿಗೆ ನೇರವಾಗಿ ನಿಂತ ಹದಿನಾಲ್ಕು ಗೂಟ, ಕೆಂಪು ದಾರ, ಇಲಾಖೆಯ ಚೀಟಿ ಕಂಡವು. ನಡುವೆ ಇದ್ದ ಸೊಪ್ಪು ಕಾಣಲಿಲ್ಲ.

"ಗೂಟ ಯಾರಪ್ಪಾ ನೆಟ್ಟಿದ್ದು?"

"ನಾನೇ."

"ಯಾರ ಅಪ್ಪಣೆ ಮೇಲೆ?"

ಅಮ್ಮನ ಅಪ್ಪಣೆ ಎಂದರೆ ಮರ್ಯಾದೆ ಕಡಿಮೆಯಾದೀತೆಂದು ಚಿಕ್ಕಪ್ಪ ಕೆಂಪು ಶಾಯಿಯನ್ನು ನೆನೆದುಕೊಂಡ. "ಮೇಲಿಂದ ಬಂದಿದೆ ತಾತ. ಬರವಣಿಗೆಯಲ್ಲೇ ಇದೆ."

"ಎಷ್ಟು ಅಡಿ ಅಂತೆ?"

"ಮೂರು ಅಂತಾರೆ. ನಾಲ್ಕಾದ್ರೂ ಆಗಬಹುದು."

"ನಮ್ಮ ಕಡೆಗೂ ಬರುತ್ತಾ?"

"ಈ ವರ್ಷ ಇಲ್ಲ. ಆದ್ರೆ ಒಂದು ಸಲ ಶುರುವಾದ್ರೆ ಗೋಡೆ ಗೀಡೆ ನೋಡಲ್ವಂತೆ. ಮುಂದಿನ ವರ್ಷ ನಿಮ್ಮ ಹಿತ್ತಲಲ್ಲೂ ಕಾಣಿಸಿಕೊಂಡರೆ ಬೇಜಾರು ಮಾಡ್ಕೋಬೇಡಿ."

ತಾತ ನಿಧಾನವಾಗಿ ಗೋಡೆಯಿಂದ ಕೆಳಗಿಳಿದರು. ಚಿಕ್ಕಪ್ಪ ನನ್ನ ಕಡೆ ತಿರುಗಿ, "ಹೊಟ್ಟೆಕಿಚ್ಚು ಪಾಪ, ಅವರದ್ದು ಮೊಳೀಲಿಲ್ಲವಲ್ಲ" ಎಂದ.

ಆ ಮಧ್ಯಾಹ್ನ ತಾತ ಹಳೆಯ ನಕ್ಷೆಗಳ ಟ್ರಂಕು ತೆರೆದರು. ನಕ್ಷೆಯಲ್ಲಿ ನಮ್ಮ ಹದಿನಾಲ್ಕು ಗೂಟದ ಜಾಗ ಗುರುತಿಸಿ, ಪಟ್ಟಿ ಇಟ್ಟು ಗೆರೆ ಎಳೆದರು. ಹಿಂದಕ್ಕೆ ಎಳೆದರೆ ಗೆರೆ ಬಸ್ ನಿಲ್ದಾಣಕ್ಕೆ ಹೋಗಿ ಮುಟ್ಟಿತು. ಮುಂದಕ್ಕೆ ಎಳೆದರೆ ಅವರ ಬಚ್ಚಲುಮನೆಯನ್ನು ಸೀಳಿ, ಅದರಾಚೆಯ ಟೈಲರ್ ಮನೆಯ ನಡುಮನೆಯಲ್ಲಿ ಹಾದು, ಬೀದಿಯ ಕೊನೆಗೆ ಸೇರಿತು. ನಿಲ್ದಾಣ ದೊಡ್ಡದಾಗುತ್ತಿದೆ, ಹೊಸ ಬಸ್ ದಾರಿ ನಮ್ಮ ಬೀದಿಯ ಹಿತ್ತಲುಗಳ ಮೇಲೆ ಬರುತ್ತಿದೆ, ನಿಲ್ದಾಣದಲ್ಲೇ ಕೆಲಸ ಮಾಡುವ ಮನುಷ್ಯ ಎಲ್ಲರಿಗಿಂತ ಮೊದಲು ತನ್ನ ಹಿತ್ತಲನ್ನು ಒಪ್ಪಿಸಿ ಗೂಟ ನೆಡಿಸಿಕೊಂಡಿದ್ದಾನೆ. ದೀಪ ಹಚ್ಚುವ ಹೊತ್ತಿಗೆ ಬೀದಿಗೆ ಇಷ್ಟು ಗೊತ್ತಾಗಿತ್ತು, ನಮಗೆ ಗೊತ್ತಿರಲಿಲ್ಲ.

ಟೈಲರ್ ಮಹಡಿ ಮೇಲೆ ಒಂದು ಕೋಣೆ ಕಟ್ಟಿಸುತ್ತಿದ್ದರು. ಮರುದಿನ ಗಾರೆಯವರನ್ನು ವಾಪಸು ಕಳಿಸಿದರು, ಕೋಣೆ ಸೊಂಟದವರೆಗೆ ಎದ್ದು ನಿಂತುಬಿಟ್ಟಿತು. ಎದುರುಮನೆಯ ನರ್ಸಮ್ಮ ಗೇಟಿಗೆ ನೀಲಿ ಬಣ್ಣ ಬಳಿಯುತ್ತಿದ್ದವರು, ಒಡೆದುಹಾಕುವ ಗೇಟಿಗೆ ಬಣ್ಣ ಯಾಕೆಂದು ಅರ್ಧಕ್ಕೇ ಬ್ರಶ್ಶು ತೊಳೆದಿಟ್ಟರು. ಚಿಕ್ಕಪ್ಪ ಬೀದಿಯಲ್ಲಿ ನಡೆದರೆ ಜನ ಎದ್ದು ನಿಲ್ಲತೊಡಗಿದರು. ಅವನು ತನ್ನ ಹಿಂದೆ ಯಾರೋ ದೊಡ್ಡವರು ಬರುತ್ತಿದ್ದಾರೆಂದು ತಾನೂ ಪಕ್ಕಕ್ಕೆ ಸರಿದು ನಿಂತ.

ಒಂದು ಸಂಜೆ ಟೈಲರ್ ಬಂದು ಅವನ ಮುಂದೆ ಅಂಗೈ ಉಜ್ಜುತ್ತಾ ಕೂತರು.

"ನಿಮ್ಮ ಗೂಟ ಒಂಚೂರು ಎಡಕ್ಕೆ ಸರಿಸೋಕಾಗಲ್ವಾ ಸಾರ್?"

ಚಿಕ್ಕಪ್ಪ ಉಂಗುರ ನೋಡಿಕೊಂಡು ಎಡ ಯಾವುದೆಂದು ಖಚಿತ ಮಾಡಿಕೊಂಡ. "ಯಾಕೆ?"

"ನಮ್ಮ ನಡುಮನೆ ಉಳಿಯುತ್ತೆ."

ಸಬ್ಬಸಿಗೆಗೂ ಟೈಲರ್ ನಡುಮನೆಗೂ ಏನು ಸಂಬಂಧವೆಂದು ಚಿಕ್ಕಪ್ಪನಿಗೆ ಹೊಳೆಯಲಿಲ್ಲ. ಆದರೆ ಹೊಳೆಯದ ಮಾತುಗಳು ಅವನಿಗೆ ದಿನಕ್ಕೆ ಹತ್ತು ಎದುರಾಗುತ್ತಿದ್ದುದರಿಂದ ಅದನ್ನೂ ಹಾಗೇ ಬಿಟ್ಟ. "ಸರಿಸೋ ಹಾಗಿಲ್ಲ. ಸರಿಸಿದ್ರೆ ಸತ್ತುಹೋಗುತ್ತೆ."

ಟೈಲರ್ ಹೊರಗೆ ಕಾಯುತ್ತಿದ್ದವರಿಗೆ ವರದಿ ಮಾಡಿದರು. "ಕೂದಲೆಳೆಯಷ್ಟೂ ಸರಿಸಲ್ವಂತೆ. ಸರಿಸಿದ್ರೆ ಸಾಯುತ್ತಂತೆ."

"ಏನು ಸಾಯೋದು?" ಎಂದರು ನರ್ಸಮ್ಮ.

"ಯೋಜನೆ ಇರಬೇಕು."

"ಸರಿಸಿದವರು ಅಂತಲೂ ಇರಬಹುದು" ಎಂದರು ತಾತ. "ಆ ಮನುಷ್ಯ ನೋಡೋಕೆ ಮಾತ್ರ ಮೆತ್ತಗೆ."

ಚಿಕ್ಕಮ್ಮನಿಗೆ ಈ ಸುದ್ದಿ ನಲ್ಲಿಯ ಹತ್ತಿರ ಸಿಕ್ಕಿತು. ಮನೆಗೆ ಬಂದು ಕೊಡ ಇಳಿಸಿ, "ಹಿತ್ತಲು ಬರೆದುಕೊಟ್ಟಿದ್ದೀರಂತೆ" ಎಂದಳು.

"ಯಾರಿಗೆ?"

"ಇಲಾಖೆಗೆ."

"ಹಿತ್ತಲಲ್ಲ. ಬರೀ ಸೊಪ್ಪು."

"ಸೊಪ್ಪು ಬರೆದುಕೊಟ್ರಾ?"

"ನಾನೇನೂ ಬರೆದಿಲ್ಲ ಮಾರಾಯ್ತಿ. ಅವರೇ ಬರೆದಿದ್ದಾರೆ."

"ಏನಂತ?"

"ಭದ್ರವಾಗಿಡಿ ಅಂತ."

ಚಿಕ್ಕಮ್ಮ ಅಜ್ಜಿಯ ಕಡೆ ತಿರುಗಿದಳು. "ಅತ್ತೆ, ಇವರಿಗೆ ಚಿಕ್ಕಂದಿನಲ್ಲಿ ತಲೆಗೇನಾದ್ರೂ ಏಟು ಬಿದ್ದಿತ್ತಾ?"

"ಬಿದ್ದಿದ್ದರೆ ಸರಿಹೋಗಿರೋನು" ಎಂದಳು ಅಜ್ಜಿ.

ಎರಡು ತಿಂಗಳಿಗೆ ಗಿಡಗಳ ನೆತ್ತಿಯಲ್ಲಿ ಹಳದಿ ಹೂವಿನ ಛತ್ರಿಗಳು ಬಿಚ್ಚಿಕೊಂಡವು. ಕೊಠಡಿಯ ನಲವತ್ಮೂರು ಛತ್ರಿಗಳಿಂದ ಮನೆಗೆ ಬಂದವನಿಗೆ ಹಿತ್ತಲಲ್ಲೂ ಛತ್ರಿ. ಸೊಪ್ಪು ಬೇಕೆನ್ನುವವರು ಹೂ ಚಿವುಟುತ್ತಾರೆ, ಬೀಜ ಬೇಕೆನ್ನುವವರು ಹೂವನ್ನು ಕಾಯುತ್ತಾರೆ ಎಂದಿದ್ದಳು ಅಜ್ಜಿ. ಹಾಗಾಗಿ ಚಿಕ್ಕಪ್ಪ ಹೂವಿಗೆ ಬಂದ ಜೇನುಹುಳಗಳಿಗೆ ಜಾಗ ಬಿಟ್ಟು ನಿಂತ, ಗೊಬ್ಬರ ಮಾರಲು ಬಂದವರನ್ನು ಓಡಿಸಿದ, ಬುಡಕ್ಕೆ ಮಾತ್ರ ನೀರು ಕೊಟ್ಟ. ಹಸಿರು ಮೈಗೆ ಕಪ್ಪು ಪಟ್ಟೆಯ ಆರು ಕಂಬಳಿಹುಳ ಎಲೆ ಮೇಯುತ್ತಿದ್ದುದು ಕಂಡಾಗ ಕೊಲ್ಲಲು ಮನಸ್ಸಾಗದೆ ರಟ್ಟಿನ ಪೆಟ್ಟಿಗೆಯಲ್ಲಿಟ್ಟು 'ಸಿಕ್ಕಿದ ವಸ್ತು, ಆರು, ವಾರಸುದಾರರಿಲ್ಲ' ಎಂದು ಬರೆದ. ಆ ಪೆಟ್ಟಿಗೆಯಿಂದ ಎರಡು ವಾರದ ಮೇಲೆ ಆರು ಚಿಟ್ಟೆ ಹಾರಿಹೋದವು. ಇಪ್ಪತ್ತೆರಡು ವರ್ಷದಲ್ಲಿ ಅವನ ಕೈಯಿಂದ ತಪ್ಪಿಸಿಕೊಂಡ ಮೊದಲ ವಸ್ತುಗಳು ಅವು. ಎರಡು ದಿನ ಊಟ ಸೇರಲಿಲ್ಲ.

ಬೀಜ ಕಟ್ಟಿ ಕಂದಿಗೆ ತಿರುಗುವಾಗ ಹೊಸ ಭಯ ಹುಟ್ಟಿತು. ಮಾಗಿದ ಬೀಜ ಗಾಳಿಗೆ ಉದುರಿಬಿಡುತ್ತದೆ. ಚಿಕ್ಕಪ್ಪ ಕೊಠಡಿಯಿಂದ ತೆಳುಬಟ್ಟೆಯ ಚೀಲಗಳನ್ನು ತಂದು ಪ್ರತಿ ಗಿಡದ ತಲೆಗೂ ತೊಡಿಸಿ, ಕತ್ತಿಗೆ ದಾರ ಬಿಗಿದು, ಅಭ್ಯಾಸಬಲದಿಂದ ಗಂಟಿನ ಮೇಲೆ ಅರಗು ಇಳಿಸಿ ಇಲಾಖೆಯ ಮುದ್ರೆ ಒತ್ತಿದ. ಹದಿನಾಲ್ಕು ಮುಸುಕುಧಾರಿಗಳು ಸಾಲಾಗಿ ನಿಂತಂತಿತ್ತು.

ತಾತ ಗೋಡೆಯ ಮೇಲಿಂದ ನೋಡಿ ಬೀದಿಗೆ ಬಂದರು. "ಸೀಲು ಬಿದ್ದುಬಿಡ್ತು" ಎಂದರು. "ಇನ್ನು ತಡ ಮಾಡಿದ್ರೆ ನಾವು ಕೆಟ್ಟೆವು."

ಮೂವತ್ತೊಂದು ಜನ ಸಹಿ ಹಾಕಿದ ಮನವಿ ತಯಾರಾಯಿತು. ಅದರಲ್ಲಿ ಏಳನೆಯ ಸಹಿ ಚಿಕ್ಕಪ್ಪನದು. ಬೀದಿಯನ್ನು ಉಳಿಸಬೇಕು ಎಂದು ಯಾರೋ ಕಾಗದ ಹಿಡಿದು ಬಂದಾಗ, ಬೀದಿ ಉಳಿದರೆ ಒಳ್ಳೆಯದೇ ಅಲ್ಲವೇ ಎಂದು ಹಾಕಿಕೊಟ್ಟಿದ್ದ.

ಆ ಮನವಿ ಮೇಲ್ವಿಚಾರಕಿಯ ಮೇಜಿಗೆ ತಲುಪಿದ ಬೆಳಗ್ಗೆಯೇ ಅವರ ಕೋಣೆಗೆ ಇನ್ನೊಬ್ಬರು ಬಂದರು. ದಪ್ಪ ಕನ್ನಡಕ, ಕಂಕುಳಲ್ಲಿ ಕೈಚೀಲ, ಪತ್ರ ಬರೆದಿದ್ದ ಹೆಂಗಸು. ಅಂದು ಚಿಕ್ಕಪ್ಪನ ವಾರದ ರಜೆ. ಮೇಲ್ವಿಚಾರಕಿ ಬೀಗ ತೆಗೆಸಿ ಕಪಾಟು ನೋಡಿದರೆ ನೂರಾ ಹದಿನೇಳರ ಜಾಗದಲ್ಲಿ ಖಾಲಿ ಲಕೋಟೆ, ಒಂದು ಕಟ್ಟು ಒಣಹುಲ್ಲು. ಕೈಯಲ್ಲಿದ್ದ ಮನವಿಯಲ್ಲಿ 'ಇಲಾಖೆಯ ಸ್ವತ್ತು, ಚೀಟಿ ಸಂಖ್ಯೆ ನೂರಾ ಹದಿನೇಳು' ಎಂದು ತಾತ ದುಂಡಗೆ ಬರೆದಿದ್ದರು. ಖಾಲಿ ಲಕೋಟೆ ಹಿಡಿದು ಇಬ್ಬರೂ ಜೀಪು ಹತ್ತಿದರು.

ಜೀಪಿನ ಹಿಂದೆ ಬೀದಿಯೆಲ್ಲ ನಮ್ಮ ಹಿತ್ತಲಿಗೆ ನುಗ್ಗಿತು. ಚಿಕ್ಕಪ್ಪ ಒಗೆಯುವ ಕಲ್ಲಿನ ಮೇಲೆ ಬನಿಯನ್ನಿನಲ್ಲಿ ಕೂತು ಚೀಲಗಳನ್ನು ಕಾಯುತ್ತಿದ್ದ. ಎದ್ದು ನಿಂತ. ನನ್ನ ಕೈ ಹಿಡಿದುಕೊಂಡ.

"ಇಲಾಖೆಗೆ ಈ ಬೀದೀಲಿ ಒಂದಂಗುಲ ಜಾಗ ಇಲ್ಲ" ಎಂದರು ಮೇಲ್ವಿಚಾರಕಿ. "ಯಾವ ಸ್ವತ್ತ್ರೀ ಇದು?"

"ಲಕೋಟೆ ಮೇಡಂ."

"ಲಕೋಟೆ ನನ್ನ ಕೈಯಲ್ಲಿದೆ."

"ಅದರ ಒಳಗಿನದು ಇಲ್ಲಿದೆ. ಕೆಡುವ ವಸ್ತು ಅಂತ ನಾಲ್ಕನೇ ದಿನ ವಿಲೇವಾರಿ ಮಾಡಿದೆ. ಆಮೇಲೆ ಪತ್ರ ಬಂತು. ಅಷ್ಟರಲ್ಲಿ ಮೊಳೆತಿತ್ತು. ನಿಮಗೆ ಹೇಳೋಕೆ ಧೈರ್ಯ ಬರಲಿಲ್ಲ." ಕೈಯಿಂದ ಚೀಲಗಳನ್ನು ತೋರಿಸಿದ. "ಒಂದನ್ನೂ ಯಾರಿಗೂ ಮುಟ್ಟಗೊಡಲಿಲ್ಲ. ಆರು ಚಿಟ್ಟೆ ಬಿಟ್ಟು."

ದಪ್ಪ ಕನ್ನಡಕದ ಹೆಂಗಸು ಮುಂದೆ ಬಂದು ಒಂದು ಚೀಲವನ್ನು ಎರಡು ಬೆರಳಲ್ಲಿ ಒತ್ತಿ ನೋಡಿದರು.

"ಬಿತ್ತಿದ್ರಾ?"

"ಬಿತ್ತಿದೆ."

"ಬಂತಾ?"

"ಬಂತು."

ಅವರು ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟರು. "ನಮ್ಮತ್ತೆ ಹೋಗುವಾಗ ಒಂದು ಹಿಡಿ ಬಿಟ್ಟುಹೋದ್ರು. ಅದು ನನಗೆ ಸೇರಬೇಕ, ನನ್ನ ಓರಗಿತ್ತಿಗೆ ಸೇರಬೇಕ ಅಂತ ಮೂರು ವರ್ಷದಿಂದ ಜಗಳ. ಅವಳು ಆರು ತಿಂಗಳು ಇಟ್ಕೊಳ್ಳೋದು, ನಾನು ಆರು ತಿಂಗಳು ಇಟ್ಕೊಳ್ಳೋದು. ಅವಳ ಮನೆಗೆ ಕೊಡೋಕೆ ಹೋಗುವಾಗಲೇ ಬಸ್ಸಲ್ಲಿ ಬಿಟ್ಟದ್ದು. ಬೇಕು ಅಂತಲೇ ಕಳೆದೆ ಅಂತಾಳೆ ಅವಳು." ಕನ್ನಡಕ ತೆಗೆದು ಒರೆಸಿಕೊಂಡರು. "ಬಿತ್ತಬಹುದು ಅಂತ ಇಬ್ಬರಿಗೂ ಹೊಳೀಲೇ ಇಲ್ಲ ನೋಡಿ."

ಚಿಕ್ಕಪ್ಪ ಅರಗು ಒಡೆದ. ಮೊದಲ ಚೀಲದಿಂದ ಒಂದು ಹಿಡಿ ಲಕೋಟೆಗೆ ಸುರಿದ, ನೀಲಿ ದಾರ ಸುತ್ತಿದ. ಹೆಂಗಸು ಮೂಸಿ ನೋಡಿದರು. ಅತ್ತೆಯ ಪೆಟ್ಟಿಗೆ ತೆಗೆದಾಗ ಇದೇ ವಾಸನೆ ಬರುತ್ತಿತ್ತು ಎಂದರು. ಓರಗಿತ್ತಿಗೆಂದು ಇನ್ನೊಂದು ಹಿಡಿಯನ್ನು ಬೇರೆ ಕಾಗದದಲ್ಲಿ ಕಟ್ಟಿಕೊಟ್ಟಾಗ ಮಾತ್ರ ಅವರ ಮುಖದಲ್ಲಿ ಸ್ವಲ್ಪ ಚಿಂತೆ ಕಾಣಿಸಿತು. "ಇನ್ನು ಅವಳ ಹತ್ರ ಏನು ಮಾತಾಡೋದು ಅಂತ" ಎಂದರು.

ಮೇಲ್ವಿಚಾರಕಿ ಸ್ವೀಕೃತಿ ಕಾಗದ ತೆಗೆದರು. 'ವಸ್ತುವನ್ನು ಸಿಕ್ಕಿದ ಸ್ಥಿತಿಯಲ್ಲೇ ಹಿಂದಿರುಗಿಸಲಾಗಿದೆ' ಎಂಬ ಸಾಲಿನ ಮುಂದೆ ಹೌದು, ಇಲ್ಲ ಎಂದು ಎರಡು ಚೌಕ. ಹೆಂಗಸು ಹೌದಿಗೆ ಗುರುತು ಹಾಕಿ ಸಹಿ ಮಾಡಿದರು.

"ಉಳಿದ ಚೀಲಗಳು ಯಾರದು?" ಎಂದರು ಮೇಲ್ವಿಚಾರಕಿ.

"ನಮ್ಮದು" ಎಂದಳು ಚಿಕ್ಕಮ್ಮ, ಬಾಗಿಲಿನಿಂದ.

"ನಮ್ಮದಲ್ಲ" ಎಂದ ಚಿಕ್ಕಪ್ಪ. "ಇವರ ಬೀಜದಿಂದ ಬಂದದ್ದು."

"ನನ್ನದೂ ಅಲ್ಲಪ್ಪ" ಎಂದರು ಹೆಂಗಸು. "ನಾನು ಕಳಕೊಂಡದ್ದು ಒಂದು ಹಿಡಿ. ಅದು ಸಿಕ್ತಲ್ಲ."

ಮೇಲ್ವಿಚಾರಕಿ ಪೆನ್ನಿನ ತುದಿ ಕಚ್ಚಿದರು. ನಿಯಮದ ಪುಸ್ತಕವನ್ನು ಮನಸ್ಸಿನಲ್ಲೇ ಮುಂದಕ್ಕೂ ಹಿಂದಕ್ಕೂ ಮಗುಚುತ್ತಿದ್ದುದು ಹುಬ್ಬಿನಲ್ಲಿ ಕಾಣುತ್ತಿತ್ತು. "ವಾರಸುದಾರರಿಲ್ಲ ಅಂದ್ಮೇಲೆ ಕೊಠಡಿಗೇ ಸೇರಬೇಕು. ನಾಳೆ ಎಲ್ಲಾ ತಂದು ಕಪಾಟಲ್ಲಿಡಿ." ಜೀಪಿನ ಕಡೆ ಹೊರಟವರು ತಿರುಗಿ ನಿಂತರು. "ಪ್ರಕಟಣೆ ವಿಭಾಗಕ್ಕೆ ಕಳಿಸೋಣ ಅಂತಲೇ ಬಂದೆ. ಏನಂತ ಬರೆಯಲಿ? ವಸ್ತು ಕಡಿಮೆಯಾದರೆ ಶಿಕ್ಷೆ ಇದೆ, ಹೆಚ್ಚಾದದ್ದಕ್ಕೆ ನಿಯಮದಲ್ಲಿ ಏನೂ ಇಲ್ಲ. ಇನ್ನೊಂದು ಸಲ ಯಾವುದನ್ನೂ ಬಿತ್ತಬೇಡಿ. ಆ ಪಿಟೀಲು ಪೆಟ್ಟಿಗೇನೂ ಸೇರಿ."

ಚಿಕ್ಕಪ್ಪ ಒಗೆಯುವ ಕಲ್ಲಿನ ಮೇಲೆ ಕುಸಿದು ಕೂತ. ಅವನ ರಾಜ್ಯ ಉಳಿದಿತ್ತು. ಅಳತೆ ತಾತ ಮಾತ್ರ ಜೀಪಿನ ಕಿಟಕಿಗೆ ಬಗ್ಗಿ, "ಹಾಗಾದ್ರೆ ರಸ್ತೆ?" ಎಂದರು.

"ಯಾವ ರಸ್ತೆ?"

ಜೀಪು ಹೋದ ಮೇಲೆ ತಾತ ಎಲ್ಲರ ಕಡೆ ಅರ್ಥಪೂರ್ಣವಾಗಿ ನೋಡಿದರು. "ನೋಡಿದ್ರಾ, ಬಾಯಿ ಬಿಡಲ್ಲ." ಟೈಲರ್ ಒಪ್ಪಿದರು. ಅಷ್ಟು ದೊಡ್ಡ ಅಧಿಕಾರಿ ಸೊಪ್ಪಿನ ಬೀಜಕ್ಕಾಗಿ ಜೀಪಿನಲ್ಲಿ ಬರುತ್ತಾರೆಂದರೆ ನಂಬಲು ಬೀದಿಯೇನು ದಡ್ಡರ ಬೀದಿಯೇ. ಗಾರೆಯವರನ್ನು ಕರೆಸಲು ಅವರು ಇನ್ನೂ ಒಂದು ತಿಂಗಳು ಕಾದರು.

ಆದರೆ ಇಲಾಖೆಯೇ ಬೀಗ ಹಾಕಿ ಇಟ್ಟುಕೊಂಡ ಬೀಜ ಎಂದ ಮೇಲೆ ಅದರ ಮೇಲೆ ಎಲ್ಲರಿಗೂ ಆಸೆ ಹುಟ್ಟಿತು. ವಾರದೊಳಗೆ ಮೆಟ್ಟಿಲ ಕೆಳಗಿನ ಕಂಬಿ ಕಿಟಕಿಗೆ ಸಾಲು ಹತ್ತಿತು. ಚಿಕ್ಕಮ್ಮ ನನ್ನನ್ನೂ ಕರೆದುಕೊಂಡು ಹೋಗಿ ಸಾಲಿನ ಕೊನೆಯಲ್ಲಿ ನಿಂತಳು. ಎಲ್ಲರಿಗಿಂತ ಮುಂದೆ ಅಳತೆ ತಾತ ಇದ್ದರು.

"ಒಂದು ಹಿಡಿ ಸಬ್ಬಸಿಗೆ ಬೀಜ ಕಳಕೊಂಡಿದ್ದೀನಪ್ಪ."

ಚಿಕ್ಕಪ್ಪ ತಲೆ ಎತ್ತದೆ ಬರೆದುಕೊಂಡ. "ಗುರುತು?"

"ಕಂದು ಬಣ್ಣ. ಚಪ್ಪಟೆ."

"ಯಾವ ಬಸ್ಸಲ್ಲಿ?"

ತಾತ ಸ್ವಲ್ಪ ಯೋಚಿಸಿದರು. "ನಡಕೊಂಡು ಹೋಗ್ತಾ ಇದ್ದೆ."

ಗುರುತು ಸರಿಯಾಗಿತ್ತು, ಕೊಟ್ಟ. ಟೈಲರ್ ಹೇಳಿದ ಗುರುತೂ ಸರಿಯಾಗಿತ್ತು, ನರ್ಸಮ್ಮ ಹೇಳಿದ್ದೂ. ಒಂದೇ ಬೀದಿಯ ಇಷ್ಟು ಜನ ಒಂದೇ ವಾರ ಒಂದೇ ವಸ್ತುವನ್ನು ಹೇಗೆ ಕಳೆದುಕೊಂಡರೆಂದು ಅವನ ಹಣೆಯಲ್ಲಿ ಗೆರೆಗಳು ಮೂಡುತ್ತಿದ್ದವು, ಆದರೆ ಕೈ ನಿಲ್ಲಲಿಲ್ಲ. ಕಡೆಗೆ ಚಿಕ್ಕಮ್ಮನ ಸರದಿ ಬಂತು.

"ಏನು ಕಳೆದಿದೆ?"

"ಸಬ್ಬಸಿಗೆ ಬೀಜ."

"ಎಷ್ಟು?"

"ಉಳಿದದ್ದೆಲ್ಲ."

"ಎಲ್ಲಿ ಕಳೆದುಕೊಂಡಿರಿ?"

"ನಮ್ಮ ಹಿತ್ತಲಲ್ಲಿ, ಒಗೆಯೋ ಕಲ್ಲಿನ ಪಕ್ಕ."

"ವಿಳಾಸ?"

ಚಿಕ್ಕಮ್ಮ ಮನೆಯ ನಂಬರು, ಬೀದಿ, ತಿರುವು ಎಲ್ಲ ಹೇಳಿದಳು. ಚಿಕ್ಕಪ್ಪ ಬರೆದು ಮುಗಿಸಿ, ಬರೆದದ್ದನ್ನು ಓದಿ, ಪೆನ್ನು ಕೆಳಗಿಟ್ಟ.

"ಈ ವಿಳಾಸ ಎಲ್ಲೋ ಕೇಳಿದ ಹಾಗಿದೆ."

"ಕೇಳಿರ್ತೀರಿ" ಎಂದಳು ಚಿಕ್ಕಮ್ಮ. "ದಿನಾ ಸಂಜೆ ಅಲ್ಲಿಗೇ ಬರ್ತೀರಿ."

ಅವನು ಕಂಬಿಯ ಸಂದಿನಿಂದ ಅವಳನ್ನು ತುಂಬಾ ಹೊತ್ತು ನೋಡಿದ. ಆಮೇಲೆ ಎದ್ದು ಒಳಗೆ ಹೋಗಿ, ಉಳಿದ ಚೀಲಗಳನ್ನೆಲ್ಲ ಎದೆಗವಚಿಕೊಂಡು ತಂದು, ಒಂದೊಂದಾಗಿ ಕಿಟಕಿಯಿಂದ ದಾಟಿಸಿ, ಸಹಿ ಹಾಕಿಸಿಕೊಂಡ.

"ನಿಮ್ಮ ಅದೃಷ್ಟ ಚೆನ್ನಾಗಿದೆ ನೋಡಿ" ಎಂದ, ಗುಮಾಸ್ತನ ಗಾಂಭೀರ್ಯದಿಂದ. "ಎಲ್ಲರ ವಸ್ತೂ ಹೀಗೆ ವಾಪಸು ಸಿಗೋದಿಲ್ಲ."